ಸಹಾಯ ಬೇಕು: ಬಾಣಂತಿಗೆ ಬ್ರಾಂದಿ ಕೊಡುವ ಲೋಟ ಅಳೆದು ಹೇಳಿ

ಹಾಲುಣಿಸುವ ತಾಯಂದಿರಿಗೆ ಮದ್ಯದ ಬಗ್ಗೆ ಒಂದು ಪುಟದ ಕನ್ನಡ ಮಾಹಿತಿ ತಯಾರಾಗುತ್ತಿದೆ. ಅಳತೆಯ ಭಾಗಕ್ಕೆ ನಿಮ್ಮ ನೆರವು ಬೇಕು.

ಕುಡಿಯದಿರುವುದೇ ಸುರಕ್ಷಿತ, ಅದು ಮೊದಲ ಸಾಲು. ಕುಡಿದರೆ, ರಕ್ತದಲ್ಲಿ ಎಷ್ಟು ಮದ್ಯವೋ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. 30ರಿಂದ 60 ನಿಮಿಷದಲ್ಲಿ ಏರಿ, ರಕ್ತದ ಜೊತೆಗೇ ಇಳಿಯುತ್ತದೆ. 14 ಗ್ರಾಂ ಮದ್ಯಸಾರಕ್ಕೆ (ಪಾನೀಯದಲ್ಲಿರುವ ಶುದ್ಧ ಆಲ್ಕೋಹಾಲ್) ಮಗುವಿಗೆ ಹಾಲುಣಿಸುವ ಮುನ್ನ ಕನಿಷ್ಠ 2 ಗಂಟೆ ಕಾಯಬೇಕು, 28 ಗ್ರಾಂ ಆದರೆ 4–5 ಗಂಟೆ. ಶೇ 8ರ 650 ಮಿಲಿ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಸುಮಾರು 41 ಗ್ರಾಂ ಇರುತ್ತದೆ. ಅದನ್ನು "ಒಂದೇ ಬಿಯರ್" ಅಂತ ಲೆಕ್ಕ ಹಾಕುವಲ್ಲೇ ಎಡವಟ್ಟಾಗುವುದು.

ಎದೆಹಾಲನ್ನು ಪಂಪ್ ಮಾಡಿ ಚೆಲ್ಲಿದರೆ ಮದ್ಯ ಬೇಗ ಇಳಿಯುವುದಿಲ್ಲ. ರಕ್ತದಲ್ಲಿರುವ ತನಕ ಹೊಸ ಹಾಲಿಗೂ ಬರುತ್ತಲೇ ಇರುತ್ತದೆ. ಎದೆ ಕಲ್ಲಿನಂತೆ ಬಿಗಿದಾಗ ಹಗುರಾಗುವಷ್ಟು ತೆಗೆದು, ಆ ಹಾಲು ಚೆಲ್ಲಬೇಕು. ಮೊದಲೇ ತೆಗೆದಿಟ್ಟ ಹಾಲು ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಬಾಗಿಲಲ್ಲಿ ಬೇಡ, ಒಳಗಡೆ ಇಡಿ. ಕುಡಿದ ರಾತ್ರಿ ಮಗುವನ್ನು ತಮ್ಮ ಹಾಸಿಗೆಯಲ್ಲಿ ಮಲಗಿಸಿಕೊಳ್ಳಲೇಬಾರದು.

ಬ್ರಾಂದಿಯಿಂದ ಹಾಲು ಹೆಚ್ಚುತ್ತದೆ ಅನ್ನುವುದು ತಪ್ಪು. ಮದ್ಯ, ಹಾಲು ಇಳಿಸುವ ಹಾರ್ಮೋನಾದ ಆಕ್ಸಿಟೋಸಿನ್ ಅನ್ನು ತಡೆದು ಹಾಲು ಇಳಿಯುವುದನ್ನು ನಿಧಾನಿಸುತ್ತದೆ.

ಈಗ ನಮಗೆ ಬೇಕಾದದ್ದು, ಆ ಲೋಟದಲ್ಲಿ ಎಷ್ಟು ಗ್ರಾಂ ಮದ್ಯಸಾರ ಎಂದು ಲೆಕ್ಕ ಹಾಕಲು: ಬಾಣಂತಿಗೆ ಬ್ರಾಂದಿ ಕೊಡುವ ರೂಢಿ ಇರುವ ಮನೆಯವರು ಆ ಲೋಟಕ್ಕೆ ಎಂದಿನ ಮಟ್ಟದವರೆಗೆ ನೀರು ತುಂಬಿ, ಜ್ವರದ ಸಿರಪ್ಪಿನ 10 ಮಿಲಿ ಮುಚ್ಚಳದಲ್ಲಿ ಅಳೆದು ಎಷ್ಟು ಸಲ ಬಂತು ತಿಳಿಸಿ. ಬಾಟಲಿ ಮೇಲಿನ ಶೇಕಡಾ ಕೂಡ ಬರೆಯಿರಿ. ಹಸು ಸೊರೆ ಬಿಡುವುದು ಅನ್ನುವ ಹಾಗೆ, ತಾಯಿಯ ಹಾಲು ಇಳಿಯುವುದಕ್ಕೆ ನಿಮ್ಮ ಕಡೆ ಏನಂತಾರೆ ಅದನ್ನೂ ಹೇಳಿ.