ಮನೆಯಲ್ಲಿ ನಡೆಸುವ ಶಿಶುಪಾಲನೆಗೆ ಯಾವ ತಪಾಸಣಾ ಸಾಧನ ಬೇಕು? ಮಕ್ಕಳ ವೈದ್ಯರೊಂದಿಗೆ ಶಿಶುಪಾಲಕಿಯರ ಬಳಗದ ಸದಸ್ಯೆಯರ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರೇ, ನಾನು ಮನೆಯಲ್ಲೇ ಆರು ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುತ್ತೇನೆ. ಅತಿ ಚಿಕ್ಕ ಮಗುವಿಗೆ ಹತ್ತು ತಿಂಗಳು, ದೊಡ್ಡದಕ್ಕೆ ನಾಲ್ಕು ವರ್ಷ. ಜೊತೆಗೆ ಒಬ್ಬ ಸಹಾಯಕಿ ಇದ್ದಾರೆ. ನಾವಿಬ್ಬರೂ ವೈದ್ಯಕೀಯ ಓದಿದವರಲ್ಲ. ಆರೋಗ್ಯ ತಪಾಸಣೆಗೆ ಏನಾದರೂ ಇಟ್ಟುಕೊಳ್ಳೋಣವೆಂದು ಹುಡುಕಿದರೆ ಹಣೆಗೆ ಹಿಡಿಯುವ ಥರ್ಮಾಮೀಟರ್, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್, ಕಣ್ಣಿನ ಪರೀಕ್ಷೆಯ ಆ್ಯಪ್, ಬಗೆಬಗೆಯ ಪ್ರಶ್ನಾವಳಿಗಳು ರಾಶಿ ಬೀಳುತ್ತವೆ. ಯಾವುದನ್ನು ಕೊಳ್ಳಲಿ, ಯಾವುದನ್ನು ಬಿಡಲಿ?

ಉತ್ತರ: ಕೊಳ್ಳುವ ಪಟ್ಟಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಪ್ರತಿಯೊಂದು ಸಾಧನದ ಬಗ್ಗೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ‘ಏನೋ ಸರಿಯಿಲ್ಲ’ ಎಂದು ತೋರಿಸಿದರೆ ಮುಂದೆ ನಾನು ಏನು ಮಾಡುತ್ತೇನೆ, ಮಗುವನ್ನು ಯಾರ ಬಳಿಗೆ ಕಳುಹಿಸುತ್ತೇನೆ? ಉತ್ತರ ಹೊಳೆಯದಿದ್ದರೆ ಆ ಸಾಧನ ನಿಮಗೆ ಬೇಡ. ಇದು ನನ್ನೊಬ್ಬಳ ಹಠವಲ್ಲ. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬ ತಜ್ಞರು ಬರೆದ ತಪಾಸಣೆಯ ತತ್ವಗಳಲ್ಲೇ, ರೋಗನಿರ್ಣಯಕ್ಕೂ ಚಿಕಿತ್ಸೆಗೂ ವ್ಯವಸ್ಥೆ ಇರಬೇಕು ಎಂಬ ಷರತ್ತಿದೆ.

ನಿಮ್ಮಲ್ಲಿ ನಡೆಯಬೇಕಾದ ಕೆಲಸ ಎರಡು ಬಗೆಯದು. ‘ಈ ಮಗು ಇವತ್ತು ಹುಷಾರಾಗಿದೆಯೇ’ ಎಂದು ದಿನವೂ ನೋಡುವುದು ಒಂದು. ‘ವಯಸ್ಸಿಗೆ ತಕ್ಕಂತೆ ಬೆಳೆಯುತ್ತಿದೆಯೇ’ ಎಂದು ಆಗಾಗ ನೋಡುವುದು ಇನ್ನೊಂದು. ಎರಡಕ್ಕೂ ಒಂದೇ ಸಾಧನ ಹುಡುಕಬೇಡಿ.

ದಿನದ ತಪಾಸಣೆಗೆ ಬಹುತೇಕ ನಿಮ್ಮ ಕಣ್ಣು, ಕಿವಿಗಳೇ ಸಾಕು. ಮಗುವನ್ನು ಬಿಡಲು ಬಂದವರು ಹೊರಡುವ ಮೊದಲೇ, ಮಗುವಿನ ಎತ್ತರಕ್ಕೆ ಕುಳಿತು ನೋಡಿ: ಮುಖ ಬಾಡಿದೆಯೇ, ಕಣ್ಣು ಕೆಂಪಾಗಿದೆಯೇ, ಉಸಿರಾಟ ಹೇಗಿದೆ, ಮೈಮೇಲೆ ಹೊಸ ಗುಳ್ಳೆ ಎದ್ದಿವೆಯೇ. ರಾತ್ರಿ ನಿದ್ದೆ ಮಾಡಿತೇ, ವಾಂತಿ ಭೇದಿ ಆಯಿತೇ, ಬೆಳಿಗ್ಗೆ ಏನಾದರೂ ಔಷಧಿ ಕೊಟ್ಟಿದ್ದೀರಾ ಎಂದು ಕೇಳಿ. ಕೊನೆಯ ಪ್ರಶ್ನೆಯನ್ನು ಮಾತ್ರ ಎಂದೂ ಬಿಡಬೇಡಿ. ಪ್ಯಾರಸಿಟಮಾಲ್ ಕುಡಿಸಿ ಕರೆತಂದ ಮಗುವಿನ ಮೈ ಬಾಗಿಲಲ್ಲಿ ತಣ್ಣಗೇ ಇರುತ್ತದೆ, ಔಷಧಿಯ ಬಲ ಇಳಿದ ಮೇಲೆ ಜ್ವರ ನಿಮ್ಮ ಪಾಲಿಗೆ ಬರುತ್ತದೆ.

ಕೆಮ್ಮುತ್ತಿರುವ ಮಗುವಿಗೆ ಸೆಕೆಂಡಿನ ಮುಳ್ಳಿರುವ ಗಡಿಯಾರ ದೊಡ್ಡ ಸಾಧನ. ಮಗು ಅಳದೆ ಸುಮ್ಮನಿರುವಾಗ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ 2ರಿಂದ 11 ತಿಂಗಳ ಮಗುವಿನಲ್ಲಿ ನಿಮಿಷಕ್ಕೆ 50 ಅಥವಾ ಹೆಚ್ಚು, 1ರಿಂದ 5 ವರ್ಷದೊಳಗಿನ ಮಗುವಿನಲ್ಲಿ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ, ವೈದ್ಯರಿಗೆ ತೋರಿಸಬೇಕು. ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ. ಆಕ್ಸಿಮೀಟರ್ ಬೇಡ: ದೊಡ್ಡವರ ಬೆರಳಿಗೆಂದು ಮಾಡಿದ್ದು ಪುಟ್ಟ ಬೆರಳಿಗೆ ಸರಿಯಾಗಿ ಕೂರುವುದಿಲ್ಲ, ಮಗು ಕೈ ಅಲ್ಲಾಡಿಸಿದರೆ ಅಂಕಿಯೂ ಅಲ್ಲಾಡುತ್ತದೆ.

ಕಣ್ಣಿನ ಆ್ಯಪ್ ಕೂಡ ಬೇಡ. ಮಾಲುಗಣ್ಣು ಕಂಡರೆ, ಅಥವಾ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಕಣ್ಣುಪಾಪೆ ಬೆಳ್ಳಗೆ ಹೊಳೆದರೆ ತಡಮಾಡದೆ ತಂದೆ ತಾಯಿಗೆ ತಿಳಿಸಿ. ಉಳಿದದ್ದು ಕಣ್ಣಿನ ವೈದ್ಯರ ಕೆಲಸ.

ಬೆಳವಣಿಗೆಗೆ ಬಂದರೆ, ನಿಮ್ಮಂಥವರಿಗೆ ನಾನು ಹೇಳುವುದು ಮಗುವಿನ ಬೆಳವಣಿಗೆಯನ್ನು ಅಳೆಯುವ ಪ್ರಶ್ನಾವಳಿಯಾದ ಎಎಸ್‌ಕ್ಯೂ-3. ಒಂದು ತಿಂಗಳಿಂದ ಐದೂವರೆ ವರ್ಷದವರೆಗೆ ವಯಸ್ಸಿಗೊಂದರಂತೆ 21 ಪ್ರಶ್ನಾವಳಿಗಳಿವೆ. ಪ್ರತಿಯೊಂದರಲ್ಲೂ ಮಾತು-ಸಂವಹನ, ದೇಹದ ದೊಡ್ಡ ಚಲನೆ, ಕೈಬೆರಳಿನ ಚಲನೆ, ಸಮಸ್ಯೆ ಬಿಡಿಸುವುದು, ಇತರರೊಂದಿಗೆ ಬೆರೆಯುವುದು ಎಂಬ ಐದು ಭಾಗಗಳು, ಭಾಗಕ್ಕೆ ಆರು ಪ್ರಶ್ನೆ. ‘ಹೌದು’ಗೆ 10, ‘ಒಮ್ಮೊಮ್ಮೆ’ಗೆ 5, ‘ಇನ್ನೂ ಇಲ್ಲ’ಕ್ಕೆ 0. ಹತ್ತು ಹದಿನೈದು ನಿಮಿಷದ ಕೆಲಸ. ಹಣ ಕೊಟ್ಟು ಕೊಳ್ಳಬೇಕು ಎಂಬುದೊಂದೇ ತೊಡಕು. ತುಂಬಬೇಕಾದವರು ತಂದೆ ತಾಯಿ. ಮಗು ನಿಮ್ಮ ಮನೆಯಲ್ಲಿ ಮಾಡುವುದು ಮಾತ್ರ ನಿಮಗೆ ಗೊತ್ತು, ಅದನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಮೈಲಿಗಲ್ಲುಗಳ ಪಟ್ಟಿ, ಅಂದರೆ ಯಾವ ವಯಸ್ಸಿಗೆ ಮಗು ಏನು ಮಾಡುತ್ತದೆ ಎಂಬ ಪಟ್ಟಿ, ಉಚಿತವಾಗಿ ಸಿಗುತ್ತದಲ್ಲ? ನಾನು ಅದನ್ನೇ ಗೋಡೆಗೆ ಅಂಟಿಸಿದ್ದೇನೆ.

ಉತ್ತರ: ಅಂಟಿಸಿರಲಿ, ಒಳ್ಳೆಯದೇ. ಆದರೆ ಅದು ತಪಾಸಣಾ ಸಾಧನವಲ್ಲ. ಅದನ್ನು ಮಾಡಿದವರೇ ಹಾಗೆ ಸ್ಪಷ್ಟವಾಗಿ ಹೇಳಿದ್ದಾರೆ. 2022ರಲ್ಲಿ ಪರಿಷ್ಕರಿಸಿದಾಗ, ಆಯಾ ವಯಸ್ಸಿನ 75 ಶೇಕಡಾ ಅಥವಾ ಹೆಚ್ಚು ಮಕ್ಕಳು ಮಾಡಬಹುದಾದದ್ದನ್ನೇ ಮೈಲಿಗಲ್ಲಾಗಿ ಇಟ್ಟರು. ಅದರಲ್ಲಿ ಅಂಕ ಇಲ್ಲ, ಇಷ್ಟಕ್ಕಿಂತ ಕಡಿಮೆಯಾದರೆ ವೈದ್ಯರಿಗೆ ತೋರಿಸಬೇಕು ಎಂಬ ಗಡಿಯೂ ಇಲ್ಲ. ಮಾತು ಆರಂಭಿಸಲು ಪಟ್ಟಿ, ಅಳೆಯಲು ಪ್ರಶ್ನಾವಳಿ ಎಂದು ಇಟ್ಟುಕೊಳ್ಳಿ.

ಪ್ರಶ್ನೆ (ಮೊದಲ ಸದಸ್ಯೆಯ ಸಹಾಯಕಿ): ಮೇಡಂ, ಥರ್ಮಾಮೀಟರ್ ವಿಷಯ ಬಿಟ್ಟಿರಿ. ದಿನವೂ ಬೆಳಿಗ್ಗೆ ಎಲ್ಲರ ಹಣೆಗೂ ಹಿಡಿಯಬೇಕೇ?

ಉತ್ತರ: ಬೇಡ. ಮೈ ಬಿಸಿ ಎನಿಸಿದಾಗ ಅಥವಾ ಮಗು ಮಂಕಾಗಿದ್ದಾಗ ನೋಡಿದರೆ ಸಾಕು. ಬಿಸಿಲಲ್ಲೋ ಚಳಿಯಲ್ಲೋ ಬಂದ ಮಗುವಿನ ಹಣೆ ತಪ್ಪು ಅಂಕಿ ಕೊಡಬಹುದು. ಕಂಕುಳಲ್ಲಿ ಇಡುವ ಸಾದಾ ಡಿಜಿಟಲ್ ಥರ್ಮಾಮೀಟರ್ ಸಾಕು. ಕಿವಿಯದ್ದು ಆರು ತಿಂಗಳಿಗಿಂತ ಚಿಕ್ಕ ಮಕ್ಕಳಿಗೆ ಸಲ್ಲದು. ಗಾಜಿನ ಪಾದರಸದ್ದು ಮನೆಯಲ್ಲಿ ಇದ್ದರೆ ತೆಗೆದುಹಾಕಿ. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ ಮಿನಮಾಟಾ ಒಪ್ಪಂದದಡಿ 2020ರಿಂದ ಅವುಗಳ ತಯಾರಿಕೆಯನ್ನೇ ನಿಲ್ಲಿಸಬೇಕೆಂದು ಗೊತ್ತುಮಾಡಲಾಗಿತ್ತು. 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಜ್ವರ ಎಂದು ಬರೆದುಕೊಳ್ಳಿ. ಮೂರು ತಿಂಗಳೊಳಗಿನ ಕೂಸಿಗೆ ಅಷ್ಟು ಬಂದರೆ ಕಾಯುವ ಮಾತೇ ಇಲ್ಲ, ಕೂಡಲೇ ಆಸ್ಪತ್ರೆ. ದೊಡ್ಡ ಮಕ್ಕಳಲ್ಲಿ ಅಂಕಿಗಿಂತ ಮಗುವಿನ ಲವಲವಿಕೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಜ್ವರದ ಜೊತೆ ಎದ್ದ ಕಲೆಗಳನ್ನು ಗಾಜಿನ ಲೋಟದಿಂದ ಒತ್ತಿ ನೋಡಿ, ಮಾಸದಿದ್ದರೆ ಅದು ತುರ್ತು. ಕಪ್ಪು ಮೈಬಣ್ಣದಲ್ಲಿ ಕಲೆ ಬೇಗ ಕಾಣುವುದಿಲ್ಲ, ಅಂಗೈ ಅಂಗಾಲುಗಳನ್ನು ನೋಡಿ.

ಪ್ರಶ್ನೆ (ಮತ್ತೊಬ್ಬ ಸದಸ್ಯೆ): ನಾನು ಎಂ-ಚಾಟ್-ಆರ್ ಎಂಬ ಆಟಿಸಂ ಪ್ರಶ್ನಾವಳಿ ಮಾಡಿ ನೋಡಿ, ಒಂದು ಮಗುವಿಗೆ ಅಂಕ 5 ಬಂತೆಂದು ತಾಯಿಗೆ ಹೇಳಿದೆ. ಸಿಟ್ಟಾಗಿ ಮಗುವನ್ನು ಬಿಡಿಸಿಕೊಂಡೇ ಹೋದರು. ಹೇಳಬಾರದಿತ್ತೇ?

ಉತ್ತರ: ಕೆಲಸ ಶುರುವಾಗಬೇಕಾದದ್ದು ತಾಯಿಯ ಒಪ್ಪಿಗೆಯಿಂದ, ಫಲಿತಾಂಶದಿಂದಲ್ಲ. ಎಂ-ಚಾಟ್-ಆರ್ ಇರುವುದು 16ರಿಂದ 30 ತಿಂಗಳ ಮಕ್ಕಳಿಗೆ, ಆಟಿಸಂ ಒಂದಕ್ಕೇ. 20 ಪ್ರಶ್ನೆಗಳಿಗೂ ಉತ್ತರಿಸಬೇಕಾದವರು ತಂದೆ ತಾಯಿ. ಅಂಕ 3ರಿಂದ 7 ಬಂದರೆ ಆಟಿಸಂ ಎಂದು ಅರ್ಥವಲ್ಲ. ಅಂಕ ಬಿದ್ದ ಪ್ರಶ್ನೆಗಳನ್ನು ಮತ್ತೆ ವಿವರವಾಗಿ ಕೇಳುವ ಎರಡನೆಯ ಹಂತವೊಂದಿದೆ. 8 ಮತ್ತು ಮೇಲೆ ಬಂದರೆ ನೇರವಾಗಿ ತಜ್ಞರ ಬಳಿ. ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ತಿರುಗಿಸಿ ಕೇಳಿದರೆ ಅಥವಾ ಒಂದೆರಡನ್ನು ಬಿಟ್ಟರೆ ಅಂಕಕ್ಕೆ ಬೆಲೆ ಉಳಿಯುವುದಿಲ್ಲ.

ಯಾವ ಸಾಧನವಾದರೂ ಒಂದು ಲೆಕ್ಕ ತಲೆಯಲ್ಲಿರಲಿ. ನೂರು ಮಕ್ಕಳಲ್ಲಿ ಹತ್ತು ಮಕ್ಕಳಿಗೆ ನಿಜವಾಗಿ ತೊಂದರೆ ಇದೆ ಎಂದುಕೊಳ್ಳಿ. ತೊಂದರೆ ಇರುವ ಹತ್ತರಲ್ಲಿ ಎಂಟನ್ನು ಹಿಡಿಯುವ, ತೊಂದರೆ ಇಲ್ಲದ ಹತ್ತರಲ್ಲಿ ಎಂಟನ್ನು ಸರಿಯಾಗಿ ಬಿಡುವ ಸಾಧನ ನಿಮ್ಮಲ್ಲಿದೆ. ಅದು ಆ ಹತ್ತರಲ್ಲಿ ಎಂಟನ್ನು ಹಿಡಿಯುತ್ತದೆ, ಉಳಿದ ತೊಂಬತ್ತರಲ್ಲಿ ಹದಿನೆಂಟನ್ನು ಸುಮ್ಮನೆ ಬೊಟ್ಟು ಮಾಡುತ್ತದೆ. ಒಟ್ಟು ಇಪ್ಪತ್ತಾರರಲ್ಲಿ ನಿಜವಾದದ್ದು ಎಂಟೇ. ಸಾಧನ ಕೆಟ್ಟದ್ದೆಂದಲ್ಲ, ಜರಡಿಯ ಕೆಲಸವೇ ಅಷ್ಟು. ಆದ್ದರಿಂದ ತಾಯಿಯೊಡನೆ ಅಂಕದ ಮಾತೇ ಎತ್ತದೆ ನೀವು ಕಂಡದ್ದನ್ನು ಹೇಳಿ: ‘ಹೆಸರು ಕರೆದರೆ ತಿರುಗುವುದು ಕಡಿಮೆ, ಬೇಕಾದದ್ದನ್ನು ಬೆರಳು ತೋರಿಸಿ ಕೇಳುವುದನ್ನು ನಾನು ನೋಡಿಲ್ಲ. ಮನೆಯಲ್ಲಿ ಹೇಗಿರುತ್ತಾನೆ? ಮೊದಲು ಕಿವಿ ಕೇಳಿಸುವುದನ್ನು ಒಮ್ಮೆ ತೋರಿಸೋಣವೇ?’ ಅಂಕದ ಹಾಳೆಯನ್ನು ಬೀರುವಿನಲ್ಲಿಡಿ. ಎಲ್ಲ ಪೋಷಕರೂ ಇರುವ ಮೊಬೈಲ್ ಗುಂಪಿನಲ್ಲಿ ಒಂದು ಮಗುವಿನ ವಿಷಯ ಬರೆಯುವುದಂತೂ ಕೂಡದು.

ಪ್ರಶ್ನೆ (ಮೊದಲ ಸದಸ್ಯೆ): ಧನ್ಯವಾದ ಡಾಕ್ಟರೇ. ಕೊನೆಯದೊಂದು. ನಮ್ಮ ಹತ್ತು ತಿಂಗಳ ಮಗು ಎಂಟು ವಾರ ಮೊದಲೇ ಹುಟ್ಟಿದ್ದು. ಹತ್ತು ತಿಂಗಳ ಪ್ರಶ್ನಾವಳಿಯನ್ನೇ ಕೊಡಲೇ?

ಉತ್ತರ: ಕೊಡಬೇಡಿ, ಎಂಟರದ್ದನ್ನು ಕೊಡಿ. ಮೂರು ವಾರ ಅಥವಾ ಅದಕ್ಕಿಂತ ಮುಂಚೆ ಹುಟ್ಟಿದ ಮಕ್ಕಳಿಗೆ ಎರಡು ವರ್ಷ ತುಂಬುವವರೆಗೆ, ಬೇಗ ಬಂದಷ್ಟು ವಾರಗಳನ್ನು ಕಳೆದು ವಯಸ್ಸು ಹಿಡಿಯುತ್ತೇವೆ. ಲಸಿಕೆಗೆ ಮಾತ್ರ ಈ ಲೆಕ್ಕ ಹಾಕಬಾರದು, ಅದಕ್ಕೆ ಹುಟ್ಟಿದ ದಿನವೇ ಆಧಾರ.