ಸಿ ಭಾಷೆಯ ಸಾಕೆಟ್ ಲೇಯರ್: ಹೊರಗೆ ಮಳೆ ಹೊಯ್ಯುತ್ತಿದೆ, ಪರದೆ ಮೇಲೆ 0.0

ತೋಟದಮನೆ (ಶಿರಸಿ):

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ, ದಯವಿಟ್ಟು ನೋಡಿ.

ನಮ್ಮದು ಹುಲೇಕಲ್ ಕಡೆ ಅಡಿಕೆ ತೋಟ. ತೋಟದ ನಡುವೆ ಒಂದು ಮಳೆಮಾಪಕ ಇಟ್ಟಿದ್ದೇನೆ. ಒಳಗೆ ಪುಟ್ಟ ಜೋಡಿ ಬಟ್ಟಲು. 0.2 ಮಿ.ಮೀ. ಮಳೆಯಾದರೆ ಒಂದು ಬಟ್ಟಲು ತುಂಬಿ ಮಗುಚುತ್ತದೆ, ಸ್ವಿಚ್ ಟಕ್ ಅನ್ನುತ್ತದೆ. ಅದನ್ನು ಒಂದು ರಾಸ್‌ಬೆರಿ ಪೈ (ಲಿನಕ್ಸ್ ನಡೆಸುವ ಪುಟ್ಟ ಕಂಪ್ಯೂಟರ್) ಎಣಿಸುತ್ತದೆ. ಪೈಗೆ ಬ್ಯಾಟರಿ ಇದೆ, ಕರೆಂಟ್ ಹೋದರೂ ನಡೆಯುತ್ತದೆ. ನಿಮಿಷಕ್ಕೊಮ್ಮೆ ಟಿಸಿಪಿ (ನೆಟ್‌ವರ್ಕ್‌ನಲ್ಲಿ ಬೈಟ್ ಸಾಗಿಸುವ ಕ್ರಮ) ಮೂಲಕ ಮನೆಗೆ ಒಂದು ಸಾಲು ಬರುತ್ತದೆ. ಆ ನಿಮಿಷ ಮಳೆ ಇಲ್ಲದಿದ್ದರೆ ಸಾಲು ಕಳಿಸುವುದಿಲ್ಲ. ನಡುವೆ ಕೊಟ್ಟಿಗೆ ಮಾಡಿಗೆ ಕಟ್ಟಿದ ವೈಫೈ ಪೆಟ್ಟಿಗೆ ಇದೆ. ಅದಕ್ಕೆ ಮಾತ್ರ ಬ್ಯಾಟರಿ ಇಲ್ಲ.

ಮನೆಯಲ್ಲಿ ನನ್ನದು ಲಿನಕ್ಸ್, ಅಪ್ಪಯ್ಯನದು ವಿಂಡೋಸ್ ಲ್ಯಾಪ್‌ಟಾಪ್. ಎರಡರಲ್ಲೂ ಒಂದೇ ಪ್ರೋಗ್ರಾಂ ನಡೆಯಲಿ ಅಂತ ಸಿ ಭಾಷೆಯಲ್ಲಿ ಸಣ್ಣ ಸಾಕೆಟ್ ಲೇಯರ್ ಬರೆದೆ. ಸಾಕೆಟ್ ಅಂದರೆ ಪ್ರೋಗ್ರಾಂ ನೆಟ್‌ವರ್ಕ್‌ಗೆ ಸೇರುವ ಬಾಗಿಲು, ಎರಡು ಸಿಸ್ಟಮ್‌ಗಳ ವ್ಯತ್ಯಾಸ ಮುಚ್ಚುವ ಪದರ ಈ ಲೇಯರ್. ತೆರೆ, ಓದು, ಬರೆ, ಮುಚ್ಚು ಅಂತ ನಾಲ್ಕೇ ಫಂಕ್ಷನ್. ಓದಲು 60 ಸೆಕೆಂಡ್ ಟೈಮ್‌ಔಟ್ ಇಟ್ಟಿದ್ದೇನೆ. ಅಷ್ಟರೊಳಗೆ ಏನೂ ಬರದಿದ್ದರೆ 'ಓದು' 0 ಕೊಡುತ್ತದೆ, ಪಟ್ಟಿಯಲ್ಲಿ 0.0 ಅಂತ ಬರೆಯುತ್ತೇನೆ.

ತೊಂದರೆ ಮೂರು. ಒಂದು, ಲಿನಕ್ಸ್‌ನಲ್ಲಿ ಮೊನ್ನೆ ರಾತ್ರಿ 1:52ರಿಂದ ಬೆಳಗಿನವರೆಗೆ ಬರೀ 0.0. ಎದ್ದು ನೋಡಿದರೆ ಅಂಗಳದಲ್ಲಿಟ್ಟ ಬಕೆಟ್ ತುಂಬಿ ಚೆಲ್ಲುತ್ತಿತ್ತು. ಎರಡು, ವಿಂಡೋಸ್‌ನಲ್ಲಿ ಕನೆಕ್ಷನ್ ಒಂದು ಸೆಕೆಂಡೂ ನಿಲ್ಲುವುದಿಲ್ಲ. ಕಡಿಯುತ್ತದೆ, ಸೇರುತ್ತದೆ, ಮತ್ತೆ ಕಡಿಯುತ್ತದೆ. ಎರರ್ ಪ್ರಿಂಟ್ ಮಾಡಿದರೆ 'ನೋ ಎರರ್' ಅಂತ ಬರುತ್ತದೆ. ಮೂರು, ಕೆಲವು ಸಲ ಪೈ ಮೇಲಿನ ಪ್ರೋಗ್ರಾಂ ಸತ್ತಿರುತ್ತದೆ, ಲಾಗ್‌ನಲ್ಲಿ ಒಂದಕ್ಷರ ಇರುವುದಿಲ್ಲ.

ಇದು ಸುಮ್ನೆ ಹವ್ಯಾಸಕ್ಕೆ ಮಾಡಿದ್ದಲ್ಲ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಹೊಳವು (ಮಳೆ ಬಿಡುವು) ಬೇಕು. ಪರದೆ ಮೇಲೆ 0.0 ನೋಡಿ ಅಪ್ಪಯ್ಯ ಕೊನೆಗೌಡನಿಗೆ (ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವನು) ಫೋನ್ ಮಾಡಿ, ಮೈಲುತುತ್ತ ನೆನೆಹಾಕಿಬಿಟ್ಟಿದ್ದರು.

ಅಘನಾಶಿನಿ (ಕುಮಟಾ):

ಮಾರಾಯ್ರೇ, ನಮ್ಮ ಗಜನಿಯ (ಉಪ್ಪುನೀರು ಹತ್ತುವ ಗದ್ದೆ) ತೂಬಿನ ಹತ್ತಿರ ನೀರಿನ ಮಟ್ಟ ನೋಡಲು ನಾನೂ ಇಂಥದ್ದೇ ಒಂದು ಇಟ್ಟಿದ್ದೇನೆ. ಮೊದಲನೇ ತೊಂದರೆ ಗೊತ್ತಾಯಿತು. ವೈಫೈ ಪೆಟ್ಟಿಗೆ ಆರಿದೆ, ನಿಮ್ಮ ಕಂಪ್ಯೂಟರಿಗೆ ಅದು ತಿಳಿದೇ ಇಲ್ಲ. ಸಾಕೆಟ್ ಮೇಲೆ ಕೀಪ್‌ಅಲೈವ್ (ಆ ಕಡೆ ಬದುಕಿದೆಯಾ ಅಂತ ಆಗಾಗ ವಿಚಾರಿಸುವ ಸೆಟ್ಟಿಂಗ್) ಹಾಕಿ, ಸರಿಹೋಗುತ್ತದೆ.

ಕಾಳಿ ದಂಡೆ (ಕಾರವಾರ):

ಕೀಪ್‌ಅಲೈವ್ ಹಾಕಿದರೂ ಮಾಮೂಲಿ ಸೆಟ್ಟಿಂಗ್‌ನಲ್ಲಿ ಮೊದಲ ವಿಚಾರಣೆ ಹೋಗುವುದು 2 ಗಂಟೆ ಸುಮ್ಮನಿದ್ದ ಮೇಲೆ. ಲಿನಕ್ಸ್‌ನಲ್ಲಿ 7200 ಸೆಕೆಂಡ್, ವಿಂಡೋಸ್‌ನಲ್ಲೂ ಅಷ್ಟೇ. ಅದನ್ನು ಇಳಿಸಬಹುದು. ಆದರೆ ಇಲ್ಲಿ ಅದು ಬೇರಿಗೆ ಮುಟ್ಟುವುದಿಲ್ಲ.

ತೋಟದಮನೆ ಅವರೇ, ಪೈ ಕಡೆ ಏನಾಯಿತು ಅಂತ ಮೊದಲು ನೋಡೋಣ. ಪೆಟ್ಟಿಗೆ ಆರಿದ ಮೇಲೆ ಪೈ ಕಳಿಸಿದ ಸಾಲುಗಳಿಗೆ ಉತ್ತರ ಬರುವುದಿಲ್ಲ. ಲಿನಕ್ಸ್ ಕರ್ನೆಲ್ ಅವನ್ನೇ ಮತ್ತೆ ಮತ್ತೆ ಕಳಿಸುತ್ತದೆ, ಮಾಮೂಲಾಗಿ ಸುಮಾರು 15 ನಿಮಿಷ. ಅಷ್ಟರೊಳಗೆ ಕರೆಂಟ್ ಬಂದರೆ ಉಳಿದ ಸಾಲುಗಳೆಲ್ಲ ಒಟ್ಟಿಗೆ ಮನೆಗೆ ಬಂದು ಬೀಳುತ್ತವೆ, ನಿಮಗೆ ತೊಂದರೆ ಆಗಿದ್ದೇ ಗೊತ್ತಾಗುವುದಿಲ್ಲ. ಜಾಸ್ತಿ ಹೊತ್ತು ಹೋದರೆ ಪೈ ಕೈಬಿಡುತ್ತದೆ. ಆದರೆ ಕೈಬಿಟ್ಟೆ ಅಂತ ಮನೆಗೆ ಹೇಳುವುದು ಯಾರು? ದಾರಿಯೇ ಇಲ್ಲ. ಆ ಕಡೆ ಕನೆಕ್ಷನ್ ಸತ್ತಿದೆ, ಈ ಕಡೆ ಇನ್ನೂ ಬದುಕಿದೆ ಅಂತ ನಂಬಿಕೊಂಡು ಕೂತಿದೆ.

ಈಗ ಎರಡು ಪ್ರಶ್ನೆ. ವಿಂಡೋಸ್‌ನಲ್ಲಿ ಎರರ್ ಎಲ್ಲಿಂದ ಓದುತ್ತಿದ್ದೀರಿ? ಟೈಮ್‌ಔಟ್ ಹೇಗೆ ಕೊಟ್ಟಿದ್ದೀರಿ?

ತೋಟದಮನೆ (ಶಿರಸಿ):

ಎರಡರಲ್ಲೂ ಎರ್‌ನೋ (ಕೊನೆಯ ಎರರ್‌ನ ನಂಬರ್ ಇರುವ ವೇರಿಯಬಲ್) ಓದುತ್ತಿದ್ದೇನೆ ಅಕ್ಕ. ಅದು ಇಎಗೇನ್ ('ಈಗ ಏನೂ ಇಲ್ಲ, ಮತ್ತೆ ನೋಡು') ಆಗಿದ್ದರೆ 0 ವಾಪಸ್, ಬೇರೆ ಏನಿದ್ದರೂ ಮುಚ್ಚಿ ಹೊಸದಾಗಿ ಕನೆಕ್ಟ್. ಟೈಮ್‌ಔಟ್ ಅನ್ನು ಸೆಟ್‌ಸಾಕ್‌ಆಪ್ಟ್ (ಸಾಕೆಟ್ ಸೆಟ್ಟಿಂಗ್ ಬದಲಿಸುವ ಫಂಕ್ಷನ್) ಮೂಲಕ, ಸೆಕೆಂಡ್ ಮತ್ತು ಮೈಕ್ರೋಸೆಕೆಂಡ್ ಇಡುವ ಟೈಮ್‌ವಾಲ್ ಸ್ಟ್ರಕ್ಟ್ ತುಂಬಿ ಕೊಟ್ಟಿದ್ದೇನೆ, ಸೆಕೆಂಡ್ ಜಾಗದಲ್ಲಿ 60.

ಕಾಳಿ ದಂಡೆ (ಕಾರವಾರ):

ಎರಡನೇ ತೊಂದರೆ ಅಲ್ಲೇ ಇದೆ. ರಿಸೀವ್ (ಸಾಕೆಟ್‌ನಿಂದ ಓದುವ ಕಾಲ್) ಟೈಮ್‌ಔಟ್‌ಗೆ ಲಿನಕ್ಸ್ ಟೈಮ್‌ವಾಲ್ ಕೇಳುತ್ತದೆ, ವಿಂಡೋಸ್ ಮಿಲಿಸೆಕೆಂಡ್‌ಗಳ ಒಂದು ಸಂಖ್ಯೆ ಕೇಳುತ್ತದೆ. ಹೆಸರು ಒಂದೇ, ಒಳಗೆ ಹೋಗುವುದು ಬೇರೆ. ನೀವು ಕೊಟ್ಟ ಸ್ಟ್ರಕ್ಟಿನ ಮೊದಲ ನಾಲ್ಕು ಬೈಟ್‌ನಲ್ಲಿ 60 ಇದೆ. ವಿಂಡೋಸ್ ಅದನ್ನೇ 60 ಮಿಲಿಸೆಕೆಂಡ್ ಅಂತ ಓದಿಕೊಂಡಿದೆ.

ಮುಂದಿನದು ಎರರ್. ವಿಂಡೋಸ್ ಸಾಕೆಟ್ ಎರ್‌ನೋ ಮುಟ್ಟುವುದೇ ಇಲ್ಲ. ಅದಕ್ಕೆ ಡಬ್ಲ್ಯುಎಸ್‌ಎ ಗೆಟ್ ಲಾಸ್ಟ್ ಎರರ್ ಅನ್ನೋ ಬೇರೆ ಫಂಕ್ಷನ್ ಇದೆ. ಹಾಗಾಗಿ ನಿಮ್ಮ ಇಎಗೇನ್ ಪರೀಕ್ಷೆ ಯಾವತ್ತೂ ಹೊಂದುವುದಿಲ್ಲ, ಪ್ರತಿ ಟೈಮ್‌ಔಟೂ 'ಕಡಿಯಿತು' ಅಂತಾಗುತ್ತದೆ. ಆ ನಂಬರ್ ಪ್ರಿಂಟ್ ಮಾಡಿ ಹಾಕಿ, ನೋಡೋಣ.

ತೋಟದಮನೆ (ಶಿರಸಿ):

ಅದೂ 0 ಅಂತಲೇ ಬಂತು.

ಕಾಳಿ ದಂಡೆ (ಕಾರವಾರ):

ಮುಚ್ಚಿದ ಮೇಲೆ ಕೇಳಿದಿರಾ? ನಡುವೆ ಇನ್ನೊಂದು ಕಾಲ್ ಬಂದರೆ ಆ ನಂಬರ್ ಬದಲಾಗಬಹುದು. ರಿಸೀವ್ ಕಾಲ್ ಆದ ಮುಂದಿನ ಸಾಲಿನಲ್ಲೇ ಒಂದು ವೇರಿಯಬಲ್‌ಗೆ ತೆಗೆದಿಟ್ಟುಕೊಳ್ಳಿ. ಪ್ರಿಂಟ್, ಕ್ಲೋಸ್ ಎಲ್ಲ ಆಮೇಲೆ.

ತೋಟದಮನೆ (ಶಿರಸಿ):

ಬಂತು! 10060.

ಕಾಳಿ ದಂಡೆ (ಕಾರವಾರ):

ಟೈಮ್‌ಔಟ್ ಅದೇ. ಗಮನಿಸಿ, ಲಿನಕ್ಸ್‌ನಲ್ಲಿ ಇದೇ ಟೈಮ್‌ಔಟ್ ಇಎಗೇನ್ ಆಗಿ ಬರುತ್ತದೆ. ವಿಂಡೋಸ್‌ನಲ್ಲಿ ಇಎಗೇನ್‌ಗೆ ಸಮನಾದದ್ದು 10035, ಆದರೆ ಇಲ್ಲಿ ಬಂದದ್ದು 10060. ನಂಬರ್‌ಗೆ ನಂಬರ್ ಜೋಡಿಸುವ ಟೇಬಲ್ ಮಾಡಿದರೆ ಸಾಕು ಅಂತ ಹೊರಟರೆ ಇಲ್ಲೇ ಕಾಲು ಜಾರುತ್ತದೆ.

ಈಗ ನಿಮ್ಮ ಲೇಯರ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಮೂರು ತೊಂದರೆಯಲ್ಲಿ ನನ್ನ ಮಟ್ಟಿಗೆ ಮೊದಲನೆಯದೇ ದೊಡ್ಡದು. ವಿಂಡೋಸ್ ಗಲಾಟೆ ಮಾಡಿ ತಪ್ಪು ತೋರಿಸಿತು. ಲಿನಕ್ಸ್ ರಾತ್ರಿಯಿಡೀ ಸಮಾಧಾನವಾಗಿ ಸುಳ್ಳು ಬರೆಯಿತು.

ನಿಮ್ಮ 'ಓದು' ಕೊಡುವ 0ಗೆ ಈಗ ಎಷ್ಟು ಅರ್ಥ ಇದೆ ಎಣಿಸಿ. ಟೈಮ್‌ಔಟ್ ಆದರೆ 0. ಆ ಕಡೆಯವರು ಕ್ರಮವಾಗಿ ಕನೆಕ್ಷನ್ ಮುಚ್ಚಿದರೆ ರಿಸೀವ್ ತಾನೇ 0 ಕೊಡುತ್ತದೆ, ಅದೂ 0. ನಡುವೆ ಪೆಟ್ಟಿಗೆ ಆರಿದರೆ ಟೈಮ್‌ಔಟ್, ಮತ್ತೆ 0. ಈ ಎಲ್ಲವನ್ನೂ ನೀವು ಮಳೆ ಇಲ್ಲ ಅಂತ ಬರೆದಿದ್ದೀರಿ. ಮಳೆ ಇಲ್ಲ ಅನ್ನುವುದು ಒಂದು ಸುದ್ದಿ. ಸುದ್ದಿ ಬರಲಿಲ್ಲ ಅನ್ನುವುದು ಬೇರೆ.

ಆದ್ದರಿಂದ 'ಓದು' ಬೈಟ್ ಲೆಕ್ಕ ವಾಪಸ್ ಕೊಡುವುದು ಬೇಡ. ಏನಾಯಿತು ಅಂತ ಕೊಡಲಿ. ಒಂದು ಇನಮ್ (ಹೆಸರಿಟ್ಟ ಆಯ್ಕೆಗಳ ಪಟ್ಟಿ) ಮಾಡಿ: ಬಂತು, ಹೊತ್ತು ಮೀರಿತು, ಮುಚ್ಚಿದರು, ಕಡಿಯಿತು. ಎಷ್ಟು ಬೈಟ್ ಬಂತು ಅನ್ನುವುದು ಪಾಯಿಂಟರ್ ಮೂಲಕ ಬೇರೆಯಾಗಿ ಬರಲಿ. ಮೂಲ ಎರರ್ ನಂಬರನ್ನು ಸ್ಟ್ರಕ್ಟ್ ಒಳಗೆ ಇಡಿ, ಲಾಗ್‌ಗೆ ಬೇಕಾಗುತ್ತದೆ. ಆದರೆ ಲೇಯರ್ ಬಳಸುವ ಕೋಡ್ ಅದನ್ನು ನೋಡಿ ತೀರ್ಮಾನ ಮಾಡಬಾರದು. 10060 ಅನ್ನುವ ಅಂಕೆ ನಿಮ್ಮ ಮಳೆ ಪಟ್ಟಿಯ ಫೈಲ್‌ನಲ್ಲಿ ಕಂಡರೆ ಲೇಯರ್ ಸೋರುತ್ತಿದೆ ಅಂತಲೇ ಲೆಕ್ಕ.

ಸಾಕೆಟ್ ರಿಸೀವ್ ಟೈಮ್‌ಔಟನ್ನು ಪೂರ್ತಿ ಬಿಟ್ಟುಬಿಡಿ. ಓದುವಾಗ ಟೈಮ್‌ಔಟ್ ಆದರೆ ಆ ಸಾಕೆಟ್‌ನ ಸ್ಥಿತಿ ನಂಬುವಂತಿಲ್ಲ, ಮತ್ತೆ ಬಳಸಬೇಡಿ ಅಂತ ಮೈಕ್ರೋಸಾಫ್ಟ್ ಕೈಪಿಡಿಯೇ ಹೇಳುತ್ತದೆ. ಸಾಕೆಟನ್ನು ನಾನ್‌ಬ್ಲಾಕಿಂಗ್ (ಕಾಯದೆ ತಕ್ಷಣ ಉತ್ತರ ಕೊಡುವ ಹಾಗೆ) ಮಾಡಿ. ಅದಕ್ಕೆ ಲಿನಕ್ಸ್‌ನಲ್ಲಿ ಎಫ್‌ಸಿಎನ್‌ಟಿಎಲ್, ವಿಂಡೋಸ್‌ನಲ್ಲಿ ಐಒಸಿಟಿಎಲ್ ಸಾಕೆಟ್ ಅನ್ನೋ ಫಂಕ್ಷನ್ ಇದೆ. ಆಮೇಲೆ ಸೆಲೆಕ್ಟ್ (ಸಾಕೆಟ್ ಸಿದ್ಧವಾಗುವವರೆಗೆ ಕಾಯುವ ಫಂಕ್ಷನ್) ಹಾಕಿ ಕಾಯಿರಿ. ಸೆಲೆಕ್ಟ್‌ಗೆ ಎರಡೂ ಕಡೆ ಟೈಮ್‌ವಾಲ್ ನಡೆಯುತ್ತದೆ. ಸೆಲೆಕ್ಟ್ 0 ಕೊಟ್ಟರೆ ಹೊತ್ತು ಮೀರಿತು. ಆಮೇಲೆ ರಿಸೀವ್ 0 ಕೊಟ್ಟರೆ ಮುಚ್ಚಿದರು. ಎರಡು ಸೊನ್ನೆ ಎರಡು ಕಡೆಯಿಂದ ಬರುತ್ತವೆ, ಇನ್ನು ಕಲಸಿಹೋಗುವುದಿಲ್ಲ. ಸಿಗ್ನಲ್ ಬಂದು ಇಇಂಟರ್ (ಕಾಯುವುದು ನಡುವೆ ನಿಂತಿತು ಅನ್ನುವ ಎರರ್) ಆದರೆ ಉಳಿದ ಹೊತ್ತು ಲೆಕ್ಕಹಾಕಿ ಮತ್ತೆ ಕಾಯಬೇಕು, ಮರೆಯಬೇಡಿ.

ಇನ್ನು ಹಿಡಿಕೆ, ಅಂದರೆ ಸಾಕೆಟನ್ನು ಗುರುತಿಸುವ ಸಂಖ್ಯೆ. ಲಿನಕ್ಸ್‌ನಲ್ಲಿ ಸಾಕೆಟ್ ಅಂದರೆ ಒಂದು ಇಂಟ್, ಕೆಟ್ಟರೆ -1. ವಿಂಡೋಸ್‌ನಲ್ಲಿ ಅದು ಅನ್‌ಸೈನ್ಡ್ (ಮೈನಸ್ ಆಗದ ಸಂಖ್ಯೆ). ಅದರ ಮೇಲೆ 'ಸೊನ್ನೆಗಿಂತ ಕಡಿಮೆಯಾ' ಅಂತ ಕೇಳಿದರೆ ಯಾವಾಗಲೂ 'ಅಲ್ಲ' ಅನ್ನುವ ಉತ್ತರವೇ ಬರುತ್ತದೆ. ವಿಂಡೋಸ್ ಕೊಡುವ ಇನ್‌ವ್ಯಾಲಿಡ್ ಸಾಕೆಟ್ ಅನ್ನೋ ಬೆಲೆಯ ಜೊತೆ ಹೋಲಿಸಿ. 1983ರಲ್ಲಿ 4.2ಬಿಎಸ್‌ಡಿ ಅನ್ನುವ ಯುನಿಕ್ಸ್‌ನಲ್ಲಿ ಸಾಕೆಟ್ ಬಂದಾಗ ಅದು ಯುನಿಕ್ಸ್ ಫೈಲ್‌ಗಳ ಮನೆಯಲ್ಲೇ ಹುಟ್ಟಿತು. ಕ್ಲೋಸ್, ರೀಡ್, ಎರ್‌ನೋ ಎಲ್ಲ ಆ ಮನೆಯದೇ. ವಿಂಡೋಸ್‌ಗೆ ಅದು ಹೊರಗಿನಿಂದ ಬಂದ ಲೈಬ್ರರಿ. ಅದಕ್ಕೇ ಶುರುವಿಗೆ ಡಬ್ಲ್ಯುಎಸ್‌ಎ ಸ್ಟಾರ್ಟಪ್ ಬೇಕು, ಮುಚ್ಚಲು ಕ್ಲೋಸ್‌ಸಾಕೆಟ್ ಬೇಕು. ಹೆಡರ್ ಫೈಲ್‌ನಲ್ಲಿ ಸ್ಟ್ರಕ್ಟಿನ ಹೆಸರು ಮಾತ್ರ ಇಟ್ಟು, ಒಳಗಿನದನ್ನು ಎರಡು ಬೇರೆ ಸಿ ಫೈಲ್‌ಗಳಲ್ಲಿ ಬರೆಯಿರಿ. ಒಂದೇ ಫೈಲ್‌ನಲ್ಲಿ ಹತ್ತು ಸಾಲಿಗೊಂದು ಇಫ್‌ಡೆಫ್ ('ವಿಂಡೋಸ್ ಆದರೆ ಇದು, ಇಲ್ಲದಿದ್ದರೆ ಅದು') ತುರುಕಿದರೆ ಆರು ತಿಂಗಳ ಮೇಲೆ ಓದಲಾಗುವುದಿಲ್ಲ.

ಮೂರನೇ ತೊಂದರೆ ಸಿಗ್‌ಪೈಪ್, ಸತ್ತ ಕನೆಕ್ಷನ್‌ಗೆ ಬರೆದಾಗ ಬರುವ ಸಿಗ್ನಲ್. ಕನೆಕ್ಷನ್ ಸತ್ತ ಮೇಲೆ ಮೊದಲ ಸೆಂಡ್ ಎರರ್ ಕೊಟ್ಟಿರುತ್ತದೆ, ನೀವು ನೋಡಿಲ್ಲ. ಮುಂದಿನ ಸೆಂಡ್‌ಗೆ ಕರ್ನೆಲ್ ಸಿಗ್ನಲ್ ಕಳಿಸಿ ಪ್ರೋಗ್ರಾಂ ಮುಗಿಸುತ್ತದೆ. ಅದಕ್ಕೇ ಲಾಗ್ ಖಾಲಿ. ಪೈ ಮೇಲೆ ಸೆಂಡ್‌ಗೆ ಎಂಎಸ್‌ಜಿ ನೋಸಿಗ್ನಲ್ ಫ್ಲ್ಯಾಗ್ ಕೊಡಿ, ವಾಪಸ್ ಬಂದದ್ದನ್ನು ನೋಡಿ.

ಅಘನಾಶಿನಿ (ಕುಮಟಾ):

ನನ್ನ ಕೀಪ್‌ಅಲೈವ್ ಮಾತು ಅರ್ಧವೇ ಆಯಿತು, ಒಪ್ಪಿದೆ. ಇನ್ನೊಂದು ಹೇಳುತ್ತೇನೆ, ಇದು ನನ್ನ ತೂಬಿನಲ್ಲಿ ಕಲಿತದ್ದು. ನಿಮಿಷದ ಮಳೆ ಕಳಿಸಬೇಡಿ, ಶುರುವಿನಿಂದ ಒಟ್ಟು ಎಷ್ಟು ಸಲ ಬಟ್ಟಲು ಮಗುಚಿತು ಅಂತ ಕಳಿಸಿ. ಮಳೆ ಇರಲಿ ಬಿಡಲಿ, ಪ್ರತಿ ನಿಮಿಷ ಕಳಿಸಿ. ನಡುವೆ ಹತ್ತು ಸಾಲು ಕಳೆದರೂ ಹನ್ನೊಂದನೆಯದರಲ್ಲಿ ಲೆಕ್ಕ ಸಿಗುತ್ತದೆ. ಮಳೆ ಇಲ್ಲದಿದ್ದರೂ ಸಾಲು ಬರಲೇಬೇಕು ಅಂತಾದ ಮೇಲೆ, ಬರಲಿಲ್ಲ ಅಂದರೆ ದಾರಿ ಕೆಟ್ಟಿದೆ ಅಂತ ಅರ್ಥ.

ಆದರೆ ಸಾಲು ಜೋಡಿಸುವ ಕೆಲಸವನ್ನೂ ಲೇಯರ್ ಒಳಗೇ ಇಟ್ಟರೆ ಸುಲಭ ಅಲ್ವಾ?

ತೋಟದಮನೆ (ಶಿರಸಿ):

ಸಾಲು ಜೋಡಿಸುವುದು ಅಂದರೆ ಏನು ಅಂತ ಕೇಳಬೇಕು ಅಂದುಕೊಂಡಿದ್ದೆ, ಅಷ್ಟರಲ್ಲಿ ಕಣ್ಣಿಗೇ ಬಿತ್ತು. ಒಟ್ಟು ಎಣಿಕೆ ಕಳಿಸಲು ಶುರು ಮಾಡಿದೆ. ಪೈ 1840 ಅಂತ ಕಳಿಸಿದೆ. ಪಟ್ಟಿಯಲ್ಲಿ ಒಂದು ಸಾಲು 18, ಅದರ ಕೆಳಗೆ 40.

ಕಾಳಿ ದಂಡೆ (ಕಾರವಾರ):

ಟಿಸಿಪಿಗೆ ಸಾಲು ಅಂದರೇನು ಅಂತ ಗೊತ್ತಿಲ್ಲ. ಬೈಟ್‌ಗಳು ಹಳ್ಳದ ನೀರಿನ ಹಾಗೆ ಬರುತ್ತವೆ, ನೀವು ಎಷ್ಟು ಕೊಡ ತುಂಬಿದಿರಿ ಅನ್ನುವುದು ಕೆಳಗಿನವರಿಗೆ ಕಾಣುವುದಿಲ್ಲ. ಬಂದದ್ದನ್ನು ಒಂದು ಬಫರ್‌ಗೆ ಸೇರಿಸುತ್ತಾ ಹೋಗಿ, ಸಾಲಿನ ಕೊನೆಯ ಗುರುತು ಸಿಕ್ಕಿದ ಮೇಲೆ ಮಾತ್ರ ಓದಿ. ಒಂದೇ ಓದಿನಲ್ಲಿ ಎರಡೂವರೆ ಸಾಲು ಬರಬಹುದು. ಉಳಿದ ಅರ್ಧ ಬಫರ್‌ನಲ್ಲೇ ಇರಲಿ. ಹೊಸ ಕನೆಕ್ಷನ್ ಆದಾಗ ಆ ಅರ್ಧವನ್ನು ಎಸೆಯಿರಿ, ಇಲ್ಲದಿದ್ದರೆ ಹಳೇ 18ರ ಜೊತೆ ಹೊಸ ಎಣಿಕೆ ಅಂಟಿಕೊಳ್ಳುತ್ತದೆ.

ಅಘನಾಶಿನಿ ಅವರೇ, ಇದನ್ನು ಸಾಕೆಟ್ ಲೇಯರ್ ಒಳಗೆ ಇಡುವುದು ನನಗೆ ಒಪ್ಪಿಗೆ ಇಲ್ಲ. ನಾಳೆ ಇವರು ಎರಡನೇ ಯಂತ್ರ ಸೇರಿಸಿದರೆ ಅದು ಸಾಲು ಕಳಿಸುವುದಿಲ್ಲ, ಉದ್ದ ಮೊದಲು ಹೇಳಿ ಬೈಟ್ ಕಳಿಸುತ್ತದೆ ಅಂತಿಟ್ಟುಕೊಳ್ಳಿ. ಆಗ ಲೇಯರ್ ಒಡೆಯಬೇಕಾಗುತ್ತದೆ. ಅದರ ಮೇಲೆ ಪುಟ್ಟ ಸಾಲು ಓದುವ ಫೈಲ್ ಬೇರೆ ಇರಲಿ. ಮೂವತ್ತು ನಲವತ್ತು ಸಾಲಿನ ಕೋಡ್, ಅಷ್ಟೇ.

ತೋಟದಮನೆ (ಶಿರಸಿ):

ಎಲ್ಲ ಬದಲಿಸಿದೆ. ಈಗ ಒಂದೇ ಉಳಿದಿದೆ. ಕನೆಕ್ಟ್ ಕೂಡ ನಾನ್‌ಬ್ಲಾಕಿಂಗ್ ಮಾಡಿ 10 ಸೆಕೆಂಡ್ ಕೊಟ್ಟೆ. ಪೈ ಮೇಲಿನ ಪ್ರೋಗ್ರಾಂ ನಿಲ್ಲಿಸಿ ನೋಡಿದರೆ ಲಿನಕ್ಸ್ ತಕ್ಷಣ 'ನಿರಾಕರಿಸಿದರು' ಅನ್ನುತ್ತದೆ. ವಿಂಡೋಸ್ 10 ಸೆಕೆಂಡ್ ಪೂರ್ತಿ ಕೂತು 'ಹೊತ್ತು ಮೀರಿತು' ಅನ್ನುತ್ತದೆ.

ಕಾಳಿ ದಂಡೆ (ಕಾರವಾರ):

ಸೆಲೆಕ್ಟ್‌ಗೆ ಮೂರು ಸೆಟ್ (ಸಾಕೆಟ್‌ಗಳ ಪಟ್ಟಿ) ಕೊಡಬಹುದು: ಓದುವುದು, ಬರೆಯುವುದು, ಎಕ್ಸೆಪ್ಟ್. ನೀವು ಬರೆಯುವ ಸೆಟ್ ಮಾತ್ರ ಕೊಟ್ಟಿದ್ದೀರಿ ಅನ್ನಿಸುತ್ತದೆ. ಲಿನಕ್ಸ್‌ನಲ್ಲಿ ಕನೆಕ್ಟ್ ಗೆದ್ದರೂ ಸೋತರೂ ಬರೆಯುವ ಸೆಟ್‌ನಲ್ಲೇ ತೋರುತ್ತದೆ, ಗೆದ್ದಿತೋ ಸೋತಿತೋ ಅಂತ ಎಸ್‌ಒ ಎರರ್ (ಸಾಕೆಟ್ ಮೇಲೆ ಉಳಿದ ಎರರ್) ಕೇಳಿ ತಿಳಿಯಬೇಕು. ವಿಂಡೋಸ್‌ನಲ್ಲಿ ಸೋತದ್ದು ಮೂರನೆಯ, ಎಕ್ಸೆಪ್ಟ್ ಸೆಟ್‌ನಲ್ಲಿ ಬರುತ್ತದೆ. ಅದನ್ನೂ ಕೊಡಿ. ಹಾಗೇ ಕನೆಕ್ಟ್ ಶುರುವಾದ ಕೂಡಲೇ ಲಿನಕ್ಸ್ ಇಇನ್‌ಪ್ರೋಗ್ರೆಸ್ (ಇನ್ನೂ ನಡೆಯುತ್ತಿದೆ) ಅನ್ನುತ್ತದೆ, ವಿಂಡೋಸ್ 10035 ಅನ್ನುತ್ತದೆ. ಎರಡೂ ಸೋಲಲ್ಲ.

ತೋಟದಮನೆ (ಶಿರಸಿ):

ಆಯಿತು ಅಕ್ಕ. ವಿಂಡೋಸೂ ಎರಡು ಸೆಕೆಂಡಿನಲ್ಲಿ ಹೇಳುತ್ತಿದೆ.

ನಿನ್ನೆ ಮಧ್ಯಾಹ್ನ ಮಳೆ ಹೊಯ್ಯುವಾಗಲೇ ಕೊಟ್ಟಿಗೆಗೆ ಹೋಗಿ ವೈಫೈ ಪೆಟ್ಟಿಗೆಯ ಪ್ಲಗ್ ಕಿತ್ತಿಟ್ಟೆ. ಸ್ವಲ್ಪ ಹೊತ್ತಿಗೆ ಎರಡೂ ಕಂಪ್ಯೂಟರ್‌ನಲ್ಲಿ 'ಹೊತ್ತು ಮೀರಿತು' ಬಂತು. ಪಟ್ಟಿಯಲ್ಲಿ 0.0 ಬದಲು ಖಾಲಿ ಗೆರೆ ಬೀಳತೊಡಗಿತು. ಕಿತ್ತಾಗ ಎಣಿಕೆ 2310. ಒಂದೂವರೆ ಗಂಟೆ ಬಿಟ್ಟು ಪ್ಲಗ್ ಹಾಕಿದೆ. ಪೈ ಸತ್ತಿರಲಿಲ್ಲ. ಮೊದಲು ಬಂದ ಸಾಲು 2445. ಅಂದರೆ 135 ಸಲ, 27 ಮಿ.ಮೀ.

ಅಪ್ಪಯ್ಯ ಖಾಲಿ ಗೆರೆಗಳನ್ನು ನೋಡಿ 'ಇದೆಂತಕ್ಕೆ ಖಾಲಿ?' ಅಂತ ಕೇಳಿದರು. ಆ ಹೊತ್ತು ತೋಟದಿಂದ ಸುದ್ದಿ ಬಂದಿಲ್ಲ ಅಂದೆ. 'ಹಂಗಾರೆ ಕೊನೆಗೌಡನಿಗೆ ಈಗಲೇ ಬಪ್ಪಲೆ ಹೇಳೂದು ಬೇಡ' ಅಂದು ಫೋನ್ ಕೆಳಗಿಟ್ಟರು.