ಡಿಜ್ಮಲ್: ಮಂಕೋ, ಕಳಪೆಯೋ?

ಪ್ರಶ್ನೆ: ಇಂಗ್ಲಿಷಿನ ‘ಡಿಸ್ಮಲ್’ ಪದಕ್ಕೆ ‘ವಿಷಣ್ಣ, ಮಂಕಾದ’ ಎಂಬ ಅರ್ಥ ಗೊತ್ತು. ಕ್ರಿಕೆಟ್ ವರದಿಯ ‘ಡಿಸ್ಮಲ್ ಪರ್ಫಾರ್ಮೆನ್ಸ್’ಗೆ ಅದು ಒಗ್ಗುತ್ತಿಲ್ಲ. ಏನು ಬರೆಯಬೇಕು?

ಉತ್ತರ: ಮೊದಲು ಉಚ್ಚಾರ. ನಡುವೆ ಬರುವುದು ‘ಸ’ಕಾರವಲ್ಲ, ‘ಡಿಜ್ಮಲ್’ ಎನ್ನಬೇಕು. ‘ಡಿಸ್’ ಎಂದು ಓದಿದವರು ಇದನ್ನೂ ‘ಡಿಸ್‌ಲೈಕ್’ ಥರ ‘ಅಲ್ಲ’ ಎನ್ನುವ ‘ಡಿಸ್’ ಸೇರಿದ ಪದ ಎಂದುಕೊಂಡುಬಿಡುತ್ತಾರೆ. ಇಲ್ಲಿರುವುದು ದಿನ. ಲ್ಯಾಟಿನ್ನಿನ ‘ಡಿಯೇಸ್ ಮಾಲಿ’, ಅಂದರೆ ಕೆಟ್ಟ ದಿನಗಳು, ಹಳೆಯ ಫ್ರೆಂಚಿನಲ್ಲಿ ‘ದಿಸ್ ಮಲ್’ ಆಗಿ ಇಂಗ್ಲಿಷಿಗೆ ಬಂತು. ಮಧ್ಯಯುಗದ ಯುರೋಪಿನ ಪಂಚಾಂಗಗಳಲ್ಲಿ ತಿಂಗಳಿಗೆ ಎರಡರಂತೆ ವರ್ಷಕ್ಕೆ 24 ದಿನ ಅಶುಭ. ಜನವರಿಯಲ್ಲಿ 1 ಮತ್ತು 25. ಆ ದಿನ ರಕ್ತ ತೆಗೆಸುವ ಚಿಕಿತ್ಸೆ ಕೂಡದು. ನಮ್ಮ ‘ರಾಹುಕಾಲ’ದ ಹಾಗೆ ಮೊದಲು ಇದೂ ನಾಮಪದವೇ. ಮೂಲ ಮರೆತವರು ‘ಡಿಜ್ಮಲ್ ಡೇಸ್’ ಅನ್ನತೊಡಗಿದರು. ‘ನಡುಮಧ್ಯ’ದಲ್ಲಿ ನಡು ಎರಡು ಸಲ ಬಂದಂತೆ ಅಲ್ಲಿ ದಿನ ಎರಡು ಸಲ ಬಂತು; ಪದ ವಿಶೇಷಣವಾಯಿತು.

ಈಗಿನ ಬಳಕೆಯಲ್ಲಿ ಎರಡು ಕವಲುಗಳಿವೆ. ಮೂರು ದಿನ ಬಿಸಿಲೇ ಕಾಣದೆ ಜಿಟಿಜಿಟಿ ಹಿಡಿದ ಮಳೆಯಾದರೆ ‘ಮಂಕು ಕವಿದ ಹವೆ’. ಸುಣ್ಣ ಉದುರಿದ, ಹಗಲಲ್ಲೂ ದೀಪ ಹಾಕಬೇಕಾದ ಕೋಣೆಗೆ ‘ಕಳೆಗೆಟ್ಟ’ ಸರಿ. ‘ಬಿಕೋ ಎನ್ನುವ’ ಬೇಡ, ಅದು ಜನರಿಲ್ಲದ್ದನ್ನು ಹೇಳುತ್ತದೆ. ಆಟ, ಫಲಿತಾಂಶಗಳ ವಿಷಯದಲ್ಲಿ ಕತ್ತಲೆಯೂ ಇಲ್ಲ, ದುಃಖವೂ ಇಲ್ಲ, ಮಟ್ಟದ ಮಾತಷ್ಟೇ: ‘ತೀರಾ ಕಳಪೆ ಆಟ’. ‘ಫೇಲ್ಡ್ ಡಿಜ್ಮಲಿ’ ಎಂದರೆ ‘ಹೀನಾಯವಾಗಿ ಸೋತರು’. ‘ನೀರಸ ಪ್ರದರ್ಶನ’ ನನಗೆ ಒಪ್ಪಿಗೆಯಿಲ್ಲ. 40 ರನ್ನಿಗೆ ಆಲೌಟಾದ ಪಂದ್ಯ ನೋಡುವವರಿಗೆ ನೀರಸವಾಗಿರಬೇಕೆಂದೇನೂ ಇಲ್ಲ. ಬಾಡಿದ ಮುಖಕ್ಕೆ ಇಂಗ್ಲಿಷಿನವರು ‘ಗ್ಲೂಮಿ’ಯನ್ನೇ ಹೆಚ್ಚು ಬಳಸುತ್ತಾರೆ.

ಅನುವಾದಕರು ಎಡವುವುದು ಅರ್ಥಶಾಸ್ತ್ರದ ಅಡ್ಡಹೆಸರಾದ ‘ಡಿಜ್ಮಲ್ ಸೈನ್ಸ್’ನಲ್ಲಿ. ಜನಸಂಖ್ಯೆ ಆಹಾರಕ್ಕಿಂತ ವೇಗವಾಗಿ ಬೆಳೆಯುತ್ತದೆ ಎಂಬ ಅರ್ಥಶಾಸ್ತ್ರಜ್ಞ ಮಾಲ್ತಸ್‌ನ ಲೆಕ್ಕ ಕಂಡು ಬ್ರಿಟಿಷ್ ಲೇಖಕ ಥಾಮಸ್ ಕಾರ್ಲೈಲ್ ಹೀಗಂದ ಎಂಬ ವಿವರಣೆ ತಪ್ಪು. 1849ರ ಲೇಖನದಲ್ಲಿ ಅವನು, ವೆಸ್ಟ್ ಇಂಡೀಸಿನಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದವರನ್ನು ಮತ್ತೆ ಬಲವಂತದ ದುಡಿಮೆಗೆ ಹಚ್ಚಬೇಕೆಂದು ವಾದಿಸುತ್ತಿದ್ದ. ಬೇಡಿಕೆ-ಪೂರೈಕೆಯ ನಿಯಮ ಸಾಕು, ಜನರನ್ನು ಅವರ ಪಾಡಿಗೆ ಬಿಡಿ ಎನ್ನುತ್ತಿದ್ದ ಅರ್ಥಶಾಸ್ತ್ರವನ್ನು ಹಳಿಯಲು ಈ ಮಾತು ಬಳಸಿದ. ಕಾವ್ಯಕಲೆಗಿದ್ದ ‘ಉಲ್ಲಾಸದ ವಿದ್ಯೆ’ ಎಂಬ ಹಳೆಯ ಹೆಸರಿಗೆ ಎದುರಾಗಿ ಹುಟ್ಟಿದ ಪದವಿದು. ಆದ್ದರಿಂದ ‘ಕಳಪೆ ಶಾಸ್ತ್ರ’ ಸಲ್ಲದು, ‘ಉಲ್ಲಾಸಗೇಡಿ ಶಾಸ್ತ್ರ’ ಎನ್ನಬಹುದು.